ಒಂದೇ ಕನ್ನಡಿ, ಎರಡು ಕುರ್ಚಿ

ಬೆಳಿಗ್ಗೆ ಏಳೂವರೆಗೆ ಮೇಕಪ್ ರೂಮಿಗೆ ಬಂದ ಚೀಟಿಯಲ್ಲಿ ಎರಡು ಸಾಲು ಒಂದರ ಕೆಳಗೊಂದು ಇದ್ದವು. ‘ನೈಜೀರಿಯಾ ಸ್ಟೂಡೆಂಟ್: ಫುಲ್ ಬ್ಲ್ಯಾಕ್. ಮುಖ, ಕತ್ತು, ಕೈ.’ ಅದರ ಕೆಳಗೆ, ‘ಓನರ್ ಮಗಳು: ಎರಡು ಶೇಡ್ ಫೇರ್.’ ಇಬ್ಬರೂ ಒಂಬತ್ತೂವರೆಗೆ ಸೆಟ್‌ನಲ್ಲಿರಬೇಕು. ವಾರಾಂತ್ಯದ ಒಂದು ಟಿವಿ ಕಾಮಿಡಿ ಶೋ, ಏಳು ನಿಮಿಷದ ಸ್ಕಿಟ್. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಬರುವ ಆಫ್ರಿಕಾದ ಹುಡುಗ, ಬಾಗಿಲು ತೆಗೆದ ಕೂಡಲೇ ಕಿರುಚಿಕೊಳ್ಳುವ ಓನರ್, ನಡುವೆ ಭಾಷೆಯ ಗೊಂದಲ. ಬರೆದವರಿಗಾಗಲಿ ಆಡುವವರಿಗಾಗಲಿ ಯಾರ ಮೇಲೂ ದ್ವೇಷವಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ವಿಷಯ ಎತ್ತಿದಾಗಲೆಲ್ಲ ‘ನಮ್ಮ ಮನಸ್ಸಲ್ಲಿ ಏನೂ ಇಲ್ಲ’ ಎನ್ನುವಲ್ಲಿಗೆ ಮಾತು ಮುಗಿದುಹೋಗುತ್ತದೆ. ಮನಸ್ಸನ್ನು ಪಕ್ಕಕ್ಕಿಟ್ಟು ಬಣ್ಣದ ಡಬ್ಬಿ ನೋಡಿದರೆ, ಸ್ಕ್ರಿಪ್ಟಿನಲ್ಲಿ ಯಾವ ಸಾಲಿಗೆ ಗೀಟು ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂದು ನೋಡಿದರೆ, ವಿಷಯ ಬೇಗ ತಿಳಿಯುತ್ತದೆ.

ಕಪ್ಪು ಬಳಿಯುವುದು ಹೊರಗಿನವರು ಅಂದುಕೊಂಡಷ್ಟು ಸಲೀಸಲ್ಲ. ನಟ ಹೊಸದಾಗಿ ಶೇವ್ ಮಾಡಿರಬೇಕು, ಇಲ್ಲದಿದ್ದರೆ ಗಡ್ಡದ ಬುಡದಲ್ಲಿ ಬಣ್ಣ ಗಂಟು ಕಟ್ಟುತ್ತದೆ. ಮುಖ ತೊಳೆದು, ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ, ಅದು ಇಂಗಲು ಐದು ನಿಮಿಷ ಬಿಡಬೇಕು. ಸ್ಪಂಜನ್ನು ನೀರಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಪ್ಯಾನ್‌ಕೇಕಿನ, ಅಂದರೆ ಒದ್ದೆ ಸ್ಪಂಜಿನಿಂದ ಹಚ್ಚುವ ಗಟ್ಟಿ ಬಣ್ಣದ ಬಿಲ್ಲೆಯ, ಮೊದಲ ಕೋಟ್ ತೆಳುವಾಗಿ ಕೊಡಬೇಕು. ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಅವಸರಪಟ್ಟು ಹಸಿಯ ಮೇಲೆ ಹಸಿ ಹಚ್ಚಿದರೆ ಕೆಳಗಿನದು ಎದ್ದು ಬಂದು ಕೆನ್ನೆಯ ಮೇಲೆ ಗೆರೆಗೆರೆಯಾಗುತ್ತದೆ. ಕೈತಪ್ಪುವ ಜಾಗಗಳು ಯಾವಾಗಲೂ ಅವೇ: ಕಿವಿಯ ಹಿಂಭಾಗ, ಮೂಗಿನ ಹೊಳ್ಳೆಯ ಅಂಚು, ರೆಪ್ಪೆ, ಹಿಂಗತ್ತು, ಬೆರಳ ಸಂದಿ. ಬರೀ ಕಪ್ಪು ಬೆರೆಸಿದರೆ ಲೈಟಿನ ಕೆಳಗೆ ಬೂದಿ ಬಳಿದ ಹಾಗೆ ಕಾಣುತ್ತದೆ, ಆದ್ದರಿಂದ ಕಡು ಕಂದಿಗೆ ಸ್ವಲ್ಪ ಕಿತ್ತಳೆ, ಚೂರು ಕೆಂಪು ಸೇರಿಸಬೇಕು. ಮೇಲಿನ ಪೌಡರೂ ಕಂದಿನದೇ ಆಗಬೇಕು. ಬಿಳಿ ಪೌಡರ್ ಬಿದ್ದರೆ ಮತ್ತೆ ಬೂದಿ. ಮುಖ, ಕತ್ತು, ಮೊಣಕೈವರೆಗೆ ಎರಡು ಕೈ, ಎಲ್ಲ ಸೇರಿ ಐವತ್ತು ನಿಮಿಷದ ಕೆಲಸ.

ಅಂದು ನಲವತ್ತನೇ ನಿಮಿಷಕ್ಕೆ ಮುಖ ಚೆನ್ನಾಗಿಯೇ ಬಂದಿತ್ತು. ಕಪ್ಪು ಚರ್ಮದಲ್ಲಿ ಹಲವು ಬಣ್ಣಗಳಿವೆ. ಕೆನ್ನೆಯಲ್ಲಿ ಕೆಂಪು, ಹಣೆಯಲ್ಲಿ ಹೊಳಪು, ಕಣ್ಣಿನ ಕೆಳಗೆ ನೇರಳೆಯ ಛಾಯೆ, ಅಂಗೈಯಲ್ಲಿ ತಿಳಿ. ಅಷ್ಟನ್ನೂ ತಂದು ನಿಲ್ಲಿಸಿದಾಗ ಅಸಿಸ್ಟೆಂಟ್ ಡೈರೆಕ್ಟರ್ ಬಾಗಿಲಲ್ಲಿ ಇಣುಕಿದರು.

“ಅಣ್ಣಾ, ಇದು ನಮ್ ಕಡೆಯವ್ರ ಥರಾನೇ ಇದೆ. ಇನ್ನೂ ಡಾರ್ಕ್ ಮಾಡಿ, ತುಟಿ ಸ್ವಲ್ಪ ದಪ್ಪ ಬರ್ಲಿ. ನೋಡಿದ ತಕ್ಷಣ ಜನ ನಗ್ಬೇಕಲ್ವಾ?”

ಇದು ಆ ಅಸಿಸ್ಟೆಂಟ್ ಡೈರೆಕ್ಟರಿಗೆ ಹೊಳೆದ ಹೊಸ ಯೋಚನೆಯಲ್ಲ. ಅಮೆರಿಕದಲ್ಲಿ 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಪಾತ್ರವಾಗಿ ಕುಣಿದ. ಆ ಬಗೆಯ ಆಟಗಳಿಗೆ ಬಾಟಲಿಯ ಬಿರಡೆ ಸುಟ್ಟು ಅರೆದ ಮಸಿ ಬಳಸುತ್ತಿದ್ದರು, ತುಟಿಯ ಸುತ್ತ ಅಗಲವಾಗಿ ಬೇರೆ ಬಣ್ಣ ಬರೆಯುತ್ತಿದ್ದರು. ಆ ಮಸಿ ಭೂಮಿಯ ಮೇಲಿನ ಯಾವ ಮನುಷ್ಯನ ಬಣ್ಣವನ್ನೂ ಹೋಲುತ್ತಿರಲಿಲ್ಲ. ಹೋಲಿದರೆ ನಗು ಬರುವುದಿಲ್ಲ, ಮನುಷ್ಯನೇ ಕಾಣಿಸಿಬಿಡುತ್ತಾನೆ. ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಶಾಲೆಯಲ್ಲಿ, ರೈಲಿನಲ್ಲಿ ಬೇರೆ ಕೂರಿಸಿದ ಕಾನೂನುಗಳಿಗೆ ಆ ನಗೆಪಾತ್ರದ ಹೆಸರೇ ಅಂಟಿಕೊಂಡಿತು. ಬರ್ಟ್ ವಿಲಿಯಮ್ಸ್ ಎಂಬ ಮಹಾ ಹಾಸ್ಯನಟ ಸ್ವತಃ ಕಪ್ಪು ಜನಾಂಗದವರು, ಅವರೂ ಮಸಿ ಬಳಿದುಕೊಂಡೇ ವೇದಿಕೆ ಹತ್ತಿದರು. ಇಂಗ್ಲೆಂಡಿನಲ್ಲಿ ಬಿಬಿಸಿ ಟಿವಿ ಇಂಥದೇ ಮಸಿಮುಖದ ಹಾಡುಕುಣಿತವನ್ನು 1958ರಿಂದ 1978ರವರೆಗೆ ಇಪ್ಪತ್ತು ವರ್ಷ ತೋರಿಸಿತು.

ಅದೇ ಕನ್ನಡಿಯ ಮುಂದೆ ಎರಡನೇ ಕುರ್ಚಿಯಲ್ಲಿ ಓನರ್ ಮಗಳ ಪಾತ್ರದ ಹುಡುಗಿ. ನಾಟಕದಿಂದ ಬಂದವಳು, ಟೈಮಿಂಗ್ ಬಹಳ ಚೆನ್ನಾಗಿದೆ, ಬಣ್ಣ ಎಣ್ಣೆಗಪ್ಪು. ಅವಳಿಗೆ ಉಲ್ಟಾ ಕೆಲಸ. ತಿಳಿ ಬೇಸನ್ನು ನೇರವಾಗಿ ಹಾಕಿದರೆ ಸುಣ್ಣ ಹೊಡೆದ ಗೋಡೆಯಂತಾಗುತ್ತದೆ. ಮೊದಲು ಕೆಳಗಿನ ಬಣ್ಣ ಮರೆಸುವ ಕಿತ್ತಳೆ ಕರೆಕ್ಟರ್, ಆಮೇಲೆ ಮಧ್ಯದ ಶೇಡ್, ಕೊನೆಗೆ ತಿಳಿಯದು. ಮೂರು ಪದರವಾದ್ದರಿಂದ ನಕ್ಕಾಗ ಬಾಯಿಯ ಪಕ್ಕ ಬಿರುಕು ಬಿಡುತ್ತದೆ, ಹಾಸ್ಯನಟಿಗೆ ಅದಕ್ಕಿಂತ ದೊಡ್ಡ ತೊಂದರೆ ಇನ್ನೇನಿದೆ? ಕಿಟ್ಟಿನಲ್ಲಿ ತಿಳಿ ಬಣ್ಣದ ಬೇಸ್ ಎಂಟು ಡಬ್ಬಿ ಇದ್ದವು, ಕಡು ಬಣ್ಣದ್ದು ಒಂದೇ. ಆ ಒಂದು ಡಬ್ಬಿಯ ಕಂದು ಅವಳ ತೋಳಿನ ಮೇಲೆ ತಾಳೆ ನೋಡಿದರೆ ಕಲೆ ಕೂಡ ಕಾಣದಷ್ಟು ಸರಿಯಾಗಿ ಹೊಂದುತ್ತಿತ್ತು. ಅವಳಿಗೆ ಅದನ್ನು ಹಚ್ಚಲಿಲ್ಲ. ಪಕ್ಕದ ಕುರ್ಚಿಯ ಗೋಧಿಬಣ್ಣದ ನಟನಿಗೆ ಹಚ್ಚಿ, ಅದೂ ಸಾಲದೆಂದು ಕಪ್ಪು ಬೆರೆಸಲು ಕೂತಿದ್ದೆವು.

ಹಾಲಿವುಡ್‌ನಲ್ಲಿ ಇದೇ ಡಬ್ಬಿಯ ಕಥೆ ನಡೆದಿದೆ. ಕಪ್ಪು ಜನಾಂಗದ ಗಾಯಕಿ, ನಟಿ ಲೀನಾ ಹಾರ್ನ್ ಅವರ ಬಣ್ಣಕ್ಕೆ ಹೊಂದುವ ಮೇಕಪ್ ಇಲ್ಲವೆಂದು ಮ್ಯಾಕ್ಸ್ ಫ್ಯಾಕ್ಟರ್ ಕಂಪನಿಯಿಂದ ‘ಲೈಟ್ ಈಜಿಪ್ಷಿಯನ್’ ಎಂಬ ಶೇಡ್ ಮಾಡಿಸಿದರು. ಆಮೇಲೆ ಅದನ್ನೇ ಬಿಳಿಯ ನಟಿಯರಿಗೆ ಹಚ್ಚಿ ಕಂದು ಬಣ್ಣದ ಪಾತ್ರಗಳನ್ನು ಕೊಟ್ಟರು ಎಂದು ಲೀನಾ ಅವರೇ ಹೇಳಿಕೊಂಡಿದ್ದಾರೆ. 1951ರ ‘ಶೋ ಬೋಟ್’ ಚಿತ್ರದಲ್ಲಿ ಮಿಶ್ರ ಜನಾಂಗದ ಹೆಣ್ಣಿನ ಪಾತ್ರ ಹೋದದ್ದು ಬಿಳಿಯ ನಟಿ ಏವಾ ಗಾರ್ಡ್ನರ್ ಅವರಿಗೆ. ಬಣ್ಣ ಬೇಕು, ಆ ಬಣ್ಣದ ಮನುಷ್ಯರು ಬೇಡ.

ನಮ್ಮ ಮಾತಿನಲ್ಲೂ ಇದು ಹೊಕ್ಕು ಕೂತಿದೆ. ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೆ ಹೆಸರಿಟ್ಟ ನಾಡು, ಹೆಣ್ಣು ನೋಡಿ ಬಂದ ಮೇಲೆ ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’ ಎನ್ನುತ್ತದೆ. ಆ ‘ಇದ್ರೂ’ ಎಂಬುದರಲ್ಲಿ ಎಷ್ಟು ಹುಡುಗಿಯರ ಬಾಲ್ಯ ಸೊರಗಿದೆಯೋ. ಜಾಹೀರಾತಿನವರು 2014ರಲ್ಲೇ ತಮಗೆ ತಾವೇ ನಿಯಮ ಮಾಡಿಕೊಂಡು, ಕಪ್ಪು ಬಣ್ಣದವರನ್ನು ಸೋತವರಂತೆ ತೋರಿಸಕೂಡದು ಎಂದರು. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಮೇಕಪ್ ರೂಮಿನ ಚೀಟಿಯಲ್ಲಿ ಮಾತ್ರ ‘ಎರಡು ಶೇಡ್ ಫೇರ್’ ಹಾಗೇ ಉಳಿದಿದೆ.

ಎಂಟೂವರೆಗೆ ಚಾನೆಲ್‌ನ ಎಸ್ ಅಂಡ್ ಪಿ ವಿಭಾಗದಿಂದ, ಅಂದರೆ ಯಾವ ಮಾತು ಪ್ರಸಾರವಾಗಬಹುದು ಎಂದು ನೋಡುವವರಿಂದ, ಸ್ಕ್ರಿಪ್ಟ್ ವಾಪಸ್ ಬಂತು. ಕೆಂಪು ಗೀಟು ಮೂರು ಕಡೆ. ಬೈಗುಳವಾಗಿ ಬಳಸಿದ್ದ ಒಂದು ಜಾತಿಯ ಹೆಸರು, ಪಕ್ಕದ ರಾಜ್ಯದ ಭಾಷಿಕರ ಬಗ್ಗೆ ಒಂದು ಕೊಂಕು, ಒಂದು ಕುಲಕಸುಬಿನ ಮೇಲಿನ ಗೇಲಿ. ಮೂರೂ ಹೋಗಬೇಕಾದವೇ, ಹೋದದ್ದು ಸರಿ. ಆದರೆ ನಾಲ್ಕನೇ ಪುಟದಲ್ಲಿ ಓನರ್ ಆ ಹುಡುಗನನ್ನು ‘ಕಾಡಿಂದ ನೇರ ಬಂದವನು’ ಅನ್ನುತ್ತಾನೆ, ‘ಕರೆಂಟ್ ಹೋದ್ರೆ ನಿನ್ನ ಎಲ್ಲಿ ಹುಡುಕೋದು’ ಅನ್ನುತ್ತಾನೆ, ‘ಇವ್ರೆಲ್ಲ ಒಂದೇ ಥರ ಇರ್ತಾರೆ, ಯಾರು ಯಾರು ಅಂತ ಗೊತ್ತಾಗೋದು ಹೇಗೆ’ ಅನ್ನುತ್ತಾನೆ. ಆ ಪುಟದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. 1994ರ ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆ ಜನಾಂಗ, ಭಾಷೆ, ಪ್ರದೇಶ ಮೂರನ್ನೂ ಒಟ್ಟಿಗೇ ಹೆಸರಿಸಿ, ಅಂಥ ಗುಂಪುಗಳನ್ನು ಹೀಗಳೆದು ತೋರಿಸಕೂಡದು ಎನ್ನುತ್ತದೆ. ಕಾಗದದ ಮೇಲೆ ಮೂರಕ್ಕೂ ಒಂದೇ ಅಳತೆ. ಕೆಂಪು ಪೆನ್ನು ಮಾತ್ರ ಬೆಳಗಾದರೆ ಫೋನ್ ಮಾಡುವ ಸಂಘ ಯಾವ ಗುಂಪಿಗಿದೆ ಎಂದು ನೋಡಿ ಓಡಾಡುತ್ತದೆ. ಬೆಂಗಳೂರಿನ ಆಫ್ರಿಕನ್ ವಿದ್ಯಾರ್ಥಿ ಕನ್ನಡ ಚಾನೆಲ್‌ಗೆ ಫೋನ್ ಮಾಡುವುದಿಲ್ಲ.

ಆ ‘ಒಂದೇ ಥರ’ ಎಂಬ ಸಾಲಿಗೆ ಬೆಂಗಳೂರಿನಲ್ಲೇ ಒಂದು ಹಿನ್ನೆಲೆ ಇದೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹೊಡೆದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು. ಸುಡಾನ್ ಯಾವುದು, ತಾಂಜಾನಿಯಾ ಯಾವುದು ಎಂದು ಆ ಗುಂಪಿನಲ್ಲಿ ಯಾರೂ ಕೇಳಲಿಲ್ಲ.

ನಮ್ಮ ಮೇಲೇ ಬಂದಾಗ ನಮಗೆ ಚೆನ್ನಾಗಿ ಗೊತ್ತಾಗುತ್ತದೆ. 1968ರಲ್ಲಿ ಎರಡು ಸಿನಿಮಾ ಬಂದವು. ‘ದಿ ಪಾರ್ಟಿ’ಯಲ್ಲಿ ಇಂಗ್ಲೆಂಡಿನ ಬಿಳಿಯ ನಟ ಪೀಟರ್ ಸೆಲರ್ಸ್ ಮುಖಕ್ಕೆ ಕಂದು ಬಳಿದುಕೊಂಡು ಎಡವಟ್ಟು ಭಾರತೀಯನಾದರು. ‘ಪಡೋಸನ್’ನಲ್ಲಿ ಮೆಹಮೂದ್ ವಿಚಿತ್ರ ಹಿಂದಿ ಮಾತಾಡುವ ದಕ್ಷಿಣದ ಸಂಗೀತ ಮೇಷ್ಟ್ರಾದರು. ಎರಡನೆಯದರ ಆ ‘ಅಯ್ಯೋ’ ಇವತ್ತಿಗೂ ಹಿಂದಿ ಕಾಮಿಡಿಯಲ್ಲಿ ನಮ್ಮೆಲ್ಲರಿಗೂ ಸೇರಿಸಿ ಬಳಕೆಯಾಗುತ್ತಿದೆ, ನೋಡಿದಾಗ ಮೈ ಉರಿಯುತ್ತದೆ. ಅಮೆರಿಕದ ‘ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಯ ಅಪು ಎಂಬ ಭಾರತೀಯನಿಗೆ ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ ಸುಮಾರು ಮೂವತ್ತು ವರ್ಷ ದನಿ ಕೊಟ್ಟರು. ಅಲ್ಲಿ ಬೆಳೆದ ನಮ್ಮ ಮಕ್ಕಳನ್ನು ಶಾಲೆಯಲ್ಲಿ ಅಪುವಿನ ಮಾತಿನ ಧಾಟಿಯಲ್ಲೇ ಅಣಕಿಸುತ್ತಿದ್ದರು. ಅಲ್ಲಿನ ಭಾರತೀಯ ಮೂಲದ ಹಾಸ್ಯಕಲಾವಿದ ಹರಿ ಕೊಂಡಬೋಲು 2017ರಲ್ಲಿ ಅದರ ಮೇಲೆಯೇ ಸಾಕ್ಷ್ಯಚಿತ್ರ ಮಾಡಿದರು, 2020ರಲ್ಲಿ ಅಜೇರಿಯಾ ಆ ಪಾತ್ರ ಬಿಟ್ಟರು. ಆ ಸುದ್ದಿಗೆ ಸರಿಯಾಯಿತು ಎಂದವರೇ ಈ ಸೆಟ್‌ನಲ್ಲೂ ಇದ್ದರು.

ರಿಹರ್ಸಲ್ ನಡುವೆ ಮಾತು ಬಂದೇ ಬಂತು. ಬರೆದವರು ಕೇಳಿದರು, “ಯಕ್ಷಗಾನದಲ್ಲಿ ಕಪ್ಪು ಹಚ್ಚಲ್ವಾ? ಅದೂ ತಪ್ಪಾ?” ನ್ಯಾಯವಾದ ಪ್ರಶ್ನೆ, ಉತ್ತರ ಕೊಡಬೇಕಾದದ್ದೇ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು, ಬಿಳಿ, ಹಳದಿ, ಕೆಂಪು, ಕಪ್ಪು ಹಚ್ಚಿ, ಅಕ್ಕಿಹಿಟ್ಟು ಸುಣ್ಣದ ಉಬ್ಬುಚುಕ್ಕೆಗಳಾದ ಚಿಟ್ಟಿ ಇಟ್ಟು ಮಾಡಿಕೊಳ್ಳುವ ಮುಖ ಯಾವ ಊರಿನ ಮನುಷ್ಯನದ್ದೂ ಅಲ್ಲ. ಆಟ ಮುಗಿದ ಮೇಲೆ ಆ ಬಣ್ಣದ ರಾಕ್ಷಸ ಬೆಳಗಿನ ಬಸ್ಸಿನಲ್ಲಿ ಯಾರ ಪಕ್ಕವೂ ಕೂರುವುದಿಲ್ಲ, ಯಾರ ಬಳಿಯೂ ಬಾಡಿಗೆ ಮನೆ ಕೇಳುವುದಿಲ್ಲ. ನಮ್ಮ ಸ್ಕಿಟ್ಟಿನ ಹುಡುಗ ಕೇಳುತ್ತಾನೆ.

ಮಸಿಯಿಲ್ಲದೆ ನಗಿಸಲು ದಾರಿ ಇದೆ, ಅದನ್ನು ಮಾಡಿ ತೋರಿಸಿದವರಿದ್ದಾರೆ. ಇಂಗ್ಲೆಂಡಿನ ಭಾರತೀಯ ಮೂಲದ ಕಲಾವಿದರು 1998ರಲ್ಲಿ ಬಿಬಿಸಿ ಟಿವಿಗೆ ತಂದ ‘ಗುಡ್‌ನೆಸ್ ಗ್ರೇಷಿಯಸ್ ಮಿ’ಯಲ್ಲಿ ಒಂದು ದೃಶ್ಯವಿದೆ. ಭಾರತೀಯರ ದಂಡೊಂದು ಇಂಗ್ಲಿಷ್ ಹೋಟೆಲಿಗೆ ಹೋಗಿ, ಮೆನುವಿನಲ್ಲಿ ಎಲ್ಲಕ್ಕಿಂತ ಸಪ್ಪೆ ಯಾವುದು ಎಂದು ಕೇಳುತ್ತಾ ಮಾಣಿಯನ್ನು ಗೋಳುಹೊಯ್ದುಕೊಳ್ಳುತ್ತದೆ. ಶುಕ್ರವಾರ ರಾತ್ರಿ ಕುಡಿದು ಇಂಡಿಯನ್ ಹೋಟೆಲಿಗೆ ನುಗ್ಗುವವರ ನಡತೆಯನ್ನೇ ತಿರುಗಿಸಿಟ್ಟದ್ದು. ಹಾಗೆಯೇ ನಮ್ಮಲ್ಲೂ ಓನರ್‌ನ ಮೇಲೆ ನಗು ತರುವುದಕ್ಕೆ ಮೂರು ಬದಲಾವಣೆ ಸಾಕಿತ್ತು. ಹುಡುಗ ಶುದ್ಧವಾದ ಕನ್ನಡ ಮಾತಾಡಲಿ, ಓನರ್ ಗಾಬರಿಯಲ್ಲಿ ಇಂಗ್ಲಿಷಿನಲ್ಲೇ ತಡವರಿಸಲಿ. ಹತ್ತು ತಿಂಗಳ ಅಡ್ವಾನ್ಸ್ ಇವನಿಗೆ ಹದಿನೈದು ಯಾಕಾಯಿತು ಎಂದು ಲೆಕ್ಕ ಒಪ್ಪಿಸುವ ಕಷ್ಟ ಓನರ್‌ನದಾಗಲಿ. ಮಗಳು ಪ್ರತಿ ಬಾರಿಯೂ ಅಪ್ಪನ ಲೆಕ್ಕ ತಿದ್ದಲಿ. ಬರೆದವರು ಕೇಳಿಸಿಕೊಂಡರು, ಮುಂದಿನ ಸಲ ನೋಡೋಣ ಎಂದರು. ಹತ್ತು ಗಂಟೆಗೆ ಲೈಟ್ ಆನ್ ಆಯಿತು.

ಮೊದಲ ಟೇಕಿನಲ್ಲೇ ಮೇಲ್ದುಟಿ ಬೆವೆತು ಬಣ್ಣ ಬಿಟ್ಟಿತು. ಎರಡನೆಯದರಲ್ಲಿ ಬಿಳಿ ಕಾಲರಿಗೆ ಕಂದು ಹತ್ತಿತು, ಬೇರೆ ಶರ್ಟ್ ಹುಡುಕಲು ಇಪ್ಪತ್ತು ನಿಮಿಷ. ಅದಕ್ಕಿಂತ ದೊಡ್ಡದು ಲೈಟಿನ ಸಮಸ್ಯೆ. ಲೈಟನ್ನು ತಿಳಿ ಬಣ್ಣಕ್ಕೆ ಹೊಂದಿಸಿದ್ದರು. ಮಾನಿಟರಿನಲ್ಲಿ ಮಸಿಮುಖ ಸಪಾಟಾದ ಕಪ್ಪು ತೇಪೆಯಾಗಿ, ಕಣ್ಣು ಹಲ್ಲು ಮಾತ್ರ ಕಾಣುತ್ತಿತ್ತು. ಲೈಟ್ ಏರಿಸಿದರೆ ಓನರ್ ಮಗಳ ಮೂರು ಪದರದ ಮುಖ ಸುಟ್ಟು ಬೆಳ್ಳಗಾಗುತ್ತಿತ್ತು. ಕಪ್ಪು ಚರ್ಮಕ್ಕೆ ಬೆಳಕನ್ನು ಸುಮ್ಮನೆ ಹೆಚ್ಚಿಸಿದರೆ ಆಗುವುದಿಲ್ಲ. ದೊಡ್ಡ, ಮೃದುವಾದ ಬೆಳಕನ್ನು ಪಕ್ಕದಿಂದ ತಂದು, ಚರ್ಮದ ಸಹಜ ಹೊಳಪನ್ನು ಎತ್ತಿಕೊಳ್ಳಬೇಕು, ಹಿಂದಿನ ಗೋಡೆಯನ್ನು ಒಂದಿಷ್ಟು ಮಂದ ಮಾಡಬೇಕು. ಪ್ಯಾನ್‌ಕೇಕ್ ಆ ಹೊಳಪನ್ನೇ ಕೊಂದುಹಾಕಿರುತ್ತದೆ, ಎತ್ತಿಕೊಳ್ಳಲು ಏನೂ ಉಳಿದಿರುವುದಿಲ್ಲ. ಹುಡುಗಿಯ ಸ್ವಂತ ಬಣ್ಣಕ್ಕೆ ಲೈಟ್ ಹೊಂದಿಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ದೃಶ್ಯಕ್ಕೆ ಎರಡು ಗಂಟೆ ಹಿಡಿಯಿತು.

ಬಣ್ಣ ತೆಗೆಯುವುದಕ್ಕೆ ಕೊಬ್ಬರಿ ಎಣ್ಣೆ, ಟಿಶ್ಯೂ, ಆಮೇಲೆ ಸೋಪು, ಮತ್ತೆ ಎಣ್ಣೆ. ನಟನಿಗೆ ಮುಕ್ಕಾಲು ಗಂಟೆ ಬೇಕಾಯಿತು, ಕಿವಿಯ ಮಡಿಕೆಯಲ್ಲಿ ಮಾರನೇ ದಿನವೂ ಉಳಿದಿರುತ್ತದೆ. ಹುಡುಗಿಯದ್ದು ಹತ್ತು ನಿಮಿಷದಲ್ಲಿ ಹೋಯಿತು.

ಎಣ್ಣೆ ಒರೆಸುತ್ತಿರುವಾಗ ಅಸಿಸ್ಟೆಂಟ್ ಡೈರೆಕ್ಟರ್ ಮತ್ತೆ ಬಂದರು. ಪಾತ್ರ ಚೆನ್ನಾಗಿದೆ, ಮುಂದಿನ ತಿಂಗಳು ಮುಂದುವರಿಸುತ್ತಾರಂತೆ. ಹಾಗಾದರೆ ಮಸಿ ಯಾಕೆ, ಸಿದ್ದಿ ಕಲಾವಿದರನ್ನು ಕರೆಯಿರಿ ಎಂದೆವು. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ತಲೆತಲಾಂತರದಿಂದ ಇರುವ, ಆಫ್ರಿಕಾ ಮೂಲದ ಕರ್ನಾಟಕದವರು. ಮಂಚಿಕೇರಿಯಲ್ಲಿ ನಾಟಕ ಆಡಿದವರಿದ್ದಾರೆ, ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರಿದ್ದಾರೆ. ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಕನ್ನಡದ ಪ್ರೇಕ್ಷಕರಿಗೆ ಹೊಸಬರಲ್ಲ. ಕನ್ನಡ ನಮಗಿಂತ ಚೆನ್ನಾಗಿ ಮಾತಾಡುವ ಹುಡುಗರು ಸಿಗುತ್ತಾರೆ, ಐವತ್ತು ನಿಮಿಷದ ಮೇಕಪ್ ಹತ್ತಕ್ಕೆ ಇಳಿಯುತ್ತದೆ, ಕಾಲರಿಗೂ ಹತ್ತುವುದಿಲ್ಲ.

ಅಸಿಸ್ಟೆಂಟ್ ಡೈರೆಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು, “ಅವ್ರು ಬಂದು ಎದುರಿಗೆ ನಿಂತ್ರೆ ಆ ನಾಲ್ಕನೇ ಪುಟದ ಡೈಲಾಗ್ ಹೇಗಣ್ಣಾ ಹೇಳೋದು?”