ತೊರೆ ತುಂಬುವ ಮುಂಚೆಯೇ ಹೊರಡಬೇಕು

ಕಾಡಿನ ತೊರೆಗಳ ನೀರನ್ನು ಬಾಟಲಿಯಲ್ಲಿ ತಂದು, ಅದರಲ್ಲಿ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ), ರಂಜಕ, ಕ್ಯಾಲ್ಸಿಯಂನಂಥ ಪೋಷಕಾಂಶ ಎಷ್ಟಿದೆ ಅಂತ ಅಳೆಯುವುದು ನನ್ನ ಕೆಲಸ. ಮೊದಲ ವರ್ಷ ಹಿಮ ಕರಗುವ ಕಾಲಕ್ಕೆ ಕಾದು ಕೂತಿದ್ದೆ. ತೊರೆ ದಡ ಮುಟ್ಟಿ ಭೋರ್ಗರೆಯುವ ದಿನವೇ ಪೋಷಕಾಂಶವೂ ಜಾಸ್ತಿ ಇರುತ್ತದೆ ಅಂತ ನಂಬಿದ್ದೆ. ಆ ದಿನ ಮೊಣಕಾಲುದ್ದದ ನೀರಿನಲ್ಲಿ ನಿಂತು, ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ಕುಲುಕಿ ತೊಳೆದು, ತುಂಬಿಕೊಂಡು ಬಂದೆ. ಲ್ಯಾಬಿನಲ್ಲಿ ನೋಡಿದರೆ ನೈಟ್ರೇಟ್ ತುಂಬಾ ಕಡಿಮೆ!

ಹಿರಿಯ ಸಹೋದ್ಯೋಗಿಯೊಬ್ಬರು ಹಳೇ ವರ್ಷಗಳ ಗ್ರಾಫ್ ತಂದು ಪಕ್ಕದಲ್ಲಿಟ್ಟರು. ನೈಟ್ರೇಟ್ ಗೆರೆ ಮೊದಲು ಏರಿ ಇಳಿದಿತ್ತು. ನೀರಿನ ಗೆರೆ ಆಮೇಲೆ ಏರಿತ್ತು. "ನೀವು ಹೋಗುವಷ್ಟರಲ್ಲಿ ಅದು ಹರಿದು ಹೋಗಿತ್ತು ನೋಡಿ" ಅಂದರು. ಆ ವರ್ಷದ ಲೆಕ್ಕ ಹಾಗೇ ಕೆಟ್ಟಿತು. ತೊರೆಯಿಂದ ಎಷ್ಟು ಸಾರಜನಕ ಹೊರಹೋಯಿತು ಅಂತ ಹೇಳಲು ನನ್ನ ಬಳಿ ಆಧಾರವೇ ಇರಲಿಲ್ಲ.

ಹೀಗೇಕೆ ಆಗುತ್ತದೆ? ಹಿಮ ಸುಮ್ನೆ ಗಟ್ಟಿಯಾದ ನೀರಲ್ಲ. ಚಳಿಗಾಲದುದ್ದಕ್ಕೂ ಗಾಳಿಯಿಂದ ಬಂದ ನೈಟ್ರೇಟ್, ಸಲ್ಫೇಟ್ ಅದರಲ್ಲಿ ಸೇರುತ್ತಾ ಹೋಗುತ್ತವೆ. ಹಿಮದ ಹರಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಈ ಲವಣಗಳನ್ನು ಹೊರಮೈಗೆ ತಳ್ಳುತ್ತದೆ. ಮೊದಲು ಕರಗಿದ ನೀರು ಅದನ್ನೆಲ್ಲ ತೊಳೆದುಕೊಂಡು ಇಳಿಯುತ್ತದೆ. 1970ರ ದಶಕದಲ್ಲಿ ನಾರ್ವೆಯಲ್ಲಿ ನಡೆದ ಪ್ರಯೋಗಗಳಲ್ಲಿ, ಕರಗಿದ ನೀರಿನ ಮೊದಲ 30% ಭಾಗದಲ್ಲೇ 50ರಿಂದ 80% ಮಾಲಿನ್ಯ ಹೊರಬಂದಿತ್ತು. ಈ ಮೊದಲ ನೀರಿಗೆ ಹುಳಿ ಗುಣವೂ ಇರುತ್ತದೆ. ಮಣ್ಣಿನ ಅಲ್ಯೂಮಿನಿಯಂ ಅದರ ಜೊತೆ ತೊರೆಗೆ ಬಂದರೆ ಮೀನಿನ ಮರಿಗಳಿಗೆ ಕುತ್ತು. ಒಂದು ಬಾಟಲಿ ತಪ್ಪಿದ್ದಕ್ಕೆ ನನಗೆ ಅಷ್ಟು ಬೇಜಾರಾಗಿದ್ದು ಇದಕ್ಕೇ.

ಆದರೆ ತೊರೆಯ ನೈಟ್ರೇಟ್ ಎಲ್ಲವೂ ಆಕಾಶದಿಂದ ಬಿದ್ದದ್ದಲ್ಲ. ನೈಟ್ರೇಟ್‌ನಲ್ಲಿರುವ ಆಮ್ಲಜನಕದ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು, ಮೂಲ ಎಲ್ಲಿಯದು ಅಂತ ಹೇಳುವ ಗುರುತು) ನೋಡಿದರೆ, ಎಷ್ಟೋ ಕಾಡುಗಳಲ್ಲಿ ಅದರ ಹೆಚ್ಚು ಪಾಲು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸಿದ್ದು. ಇದನ್ನು ನಾನು ನಂಬಿದ್ದು ಹಿಮ ಅಗೆದು, ಕೆಳಗಿನ ತರಗೆಲೆಗೆ ಥರ್ಮಾಮೀಟರ್ ಚುಚ್ಚಿದ ಮೇಲೆ. ಮೇಲೆ ಮೂಗು ಮರಗಟ್ಟುವ ಚಳಿ, ಕೆಳಗೆ ಸೊನ್ನೆ ಡಿಗ್ರಿಯ ಆಸುಪಾಸು. ದಪ್ಪ ಹಿಮ ಕಂಬಳಿಯ ಹಾಗೆ ಮಣ್ಣನ್ನು ಕಾಯುತ್ತದೆ. ಜೀವಿಗಳು ಚಳಿಗಾಲದಲ್ಲೂ ಕೆಲಸ ನಿಲ್ಲಿಸುವುದಿಲ್ಲ. ಗಿಡಮರಗಳು ಇನ್ನೂ ಎದ್ದಿರುವುದಿಲ್ಲ, ಹೀರಿಕೊಳ್ಳುವವರು ಯಾರೂ ಇಲ್ಲ. ಕರಗಿದ ನೀರು ಮೇಲ್ಮಣ್ಣಿಗೆ ಇಳಿದರೆ ಸಂಗ್ರಹವಾದದ್ದೆಲ್ಲ ತೊರೆಗೆ.

ಹಾಗಾದರೆ ಹಿಮ ಕಡಿಮೆ ಬಿದ್ದರೆ ಒಳ್ಳೆಯದು ಅಲ್ವಾ? ಅಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1990ರ ದಶಕದ ಕೊನೆಗೆ ಸಂಶೋಧಕರು ಚಳಿಗಾಲದ ಶುರುವಿನಲ್ಲಿ ಬಿದ್ದ ಹಿಮವನ್ನು ಸಲಿಕೆಯಿಂದ ತೆಗೆದು ನೋಡಿದರು. ಹೊದಿಕೆ ಇಲ್ಲದ ಮಣ್ಣು ಹೆಪ್ಪುಗಟ್ಟಿತು, ಸಣ್ಣ ಬೇರುಗಳು ಸತ್ತವು, ಮಣ್ಣಿನಿಂದ ನೈಟ್ರೇಟ್ ಸೋರುವುದು ಜಾಸ್ತಿಯಾಯಿತು.

ಎಲ್ಲ ಪೋಷಕಾಂಶಗಳೂ ಹೀಗೆ ನಡೆದುಕೊಳ್ಳುವುದಿಲ್ಲ. ಆಳದ ಮಣ್ಣು, ಕಲ್ಲಿನಿಂದ ಬರುವ ಕ್ಯಾಲ್ಸಿಯಂ ಹಿಮದ ನೀರು ಬಂದಾಗ ತೆಳುವಾಗುತ್ತದೆ. ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೆಚ್ಚಾಗಿ ಬರುತ್ತದೆ. ಕೊಳೆತ ಎಲೆಗಳ ಇಂಗಾಲ ಬಂದಾಗ ಮಾತ್ರ ಯಂತ್ರವೇ ಬೇಡ, ಬಿಳಿ ಫಿಲ್ಟರ್ ಕಾಗದ ಚಹಾ ಬಣ್ಣಕ್ಕೆ ತಿರುಗುತ್ತದೆ.

ಈಗ ವಾರಕ್ಕೊಂದು ಬೆಳಗಿನ ಬಾಟಲಿಯನ್ನು ನಾನು ನಂಬುವುದಿಲ್ಲ. ಹಿಮ ಕರಗುವುದು ಮಧ್ಯಾಹ್ನದ ಬಿಸಿಲಿಗೆ, ಸಣ್ಣ ತೊರೆ ಏರುವುದು ಸಂಜೆಗೆ. ಮರದ ಬುಡದ ಸುತ್ತ ಹಿಮ ಗುಂಡಿಬಿದ್ದದ್ದು ಕಂಡರೆ ಸಾಕು, ಚೀಲ ಹೆಗಲಿಗೇರಿಸುತ್ತೇನೆ. ತೊರೆಯ ಮೇಲೆ ಇನ್ನೂ ಮಂಜುಗಡ್ಡೆಯ ಮುಚ್ಚಳ ಇರುತ್ತದೆ. ಕಿವಿಗೊಟ್ಟರೆ ಕೆಳಗೆ ಗುಳುಗುಳು ಸದ್ದು. ಅಲ್ಲೊಂದು ತೂತು ಕೊರೆದು ಬಾಟಲಿ ಇಳಿಸುತ್ತೇನೆ.