ಸರ್ಟಿಫಿಕೇಟಿನ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ

ರಸ್ತೆ ಅಪಘಾತದ ಕ್ಲೇಮಿನಲ್ಲಿ ಹಣ ಕೈತಪ್ಪುವುದು ಬಹಳ ಸಲ ಇಲ್ಲೇ: ವೈದ್ಯರ ಸರ್ಟಿಫಿಕೇಟಿನಲ್ಲಿರುವ ಅಂಗವೈಕಲ್ಯದ ಶೇಕಡಾವಾರನ್ನೇ ಗಳಿಕೆಯ ನಷ್ಟ ಎಂದು ಒಪ್ಪಿಕೊಳ್ಳುವಲ್ಲಿ.

32 ವರ್ಷದ ದರ್ಜಿ, ತಿಂಗಳಿಗೆ 15,000 ರೂಪಾಯಿ ಸಂಪಾದನೆ, ಬಲಗೈ ಹೆಬ್ಬೆರಳು ಮಡಚುತ್ತಿಲ್ಲ ಎಂದುಕೊಳ್ಳಿ. ಭವಿಷ್ಯದ ಏರಿಕೆಗೆ 40% ಸೇರಿಸಿದರೆ 21,000. ಅದನ್ನು 12 ತಿಂಗಳಿಂದ, ಮತ್ತೆ ವಯಸ್ಸಿಗೆ ತಕ್ಕಂತೆ ನ್ಯಾಯಾಲಯಗಳು ಬಳಸುವ ಗುಣಕ 16ರಿಂದ ಗುಣಿಸಿದರೆ 40,32,000. ಸರ್ಟಿಫಿಕೇಟಿನಲ್ಲಿ ಇಡೀ ದೇಹಕ್ಕೆ 13% ಅಂಗವೈಕಲ್ಯ ಎಂದಿದ್ದು, ಅದನ್ನೇ ಲೆಕ್ಕ ಹಿಡಿದರೆ ಸಿಗುವುದು 5,24,160. ಕತ್ತರಿ ಹಿಡಿಯಲಾಗದೆ ದುಡಿಮೆ 30% ಕುಗ್ಗಿದೆ ಎಂದು ನ್ಯಾಯಮಂಡಳಿ ಒಪ್ಪಿದರೆ 12,09,600! ಅದಕ್ಕೇ ವೈದ್ಯರನ್ನು ಸಾಕ್ಷಿಗೆ ಕರೆಸಿ, ಯಾವ ಕೆಲಸ ಆಗದು ಎಂದು ಬಾಯಿಬಿಟ್ಟು ಹೇಳಿಸಿ. ಚಿಕಿತ್ಸೆಯ ಖರ್ಚು, ನೋವಿನ ಪರಿಹಾರ ಬೇರೆಯೇ.

ತಪ್ಪು ಯಾರದೆಂದು ತಿಳಿಯಲು, ಪೊಲೀಸರು ಅಪಘಾತದ ಸ್ಥಳ ನೋಡಿ ಬರೆದ ಮಹಜರಿನ ನಕ್ಷೆಯನ್ನೂ ಮೊದಲೇ ನೋಡಿ. ಗಾಯಾಳುವಿನದೂ 20% ನಿರ್ಲಕ್ಷ್ಯ ಎಂದಾದರೆ ಒಟ್ಟು ಮೊತ್ತದಲ್ಲೇ ಅಷ್ಟು ಕಡಿತ.