ಮಡಕಶಿರಾ ಮುರಿಯಿತು, ಮೂರನೇ ಸಲ

ಶನಿವಾರ ರಾತ್ರಿ ಹನ್ನೊಂದೂವರೆಗೆ ನನ್ನ ಮರದ ನಕ್ಷೆಯ ಮಡಕಶಿರಾ ಮತ್ತೆ ಮುರಿಯಿತು. ಪ್ಲೈ ಮುರಿಯುವಾಗಿನ ಆ 'ಟಕ್' ಗೊತ್ತಲ್ಲ ನಿಮಗೆ. ಒಳಗಿನಿಂದ ಹೆಂಡತಿ "ರೀ, ಮತ್ತೆ ಹೋಯ್ತಾ?" ಅಂದಳು. ಮಾತಾಡಲಿಲ್ಲ. ಸ್ಕ್ರೋಲ್ ಸಾ (ಸಣ್ಣ ಬ್ಲೇಡು ಮೇಲೆ-ಕೆಳಗೆ ಆಡಿ ಮರ ಕೊಯ್ಯುವ ಯಂತ್ರ) ಆಫ್ ಮಾಡಿ, ದೀಪ ಆರಿಸಿ, ಮಲಗಿದೆ.

ಮಗಳಿಗೆ ಆರು ವರ್ಷ. ಅವಳಿಗೆಂದು ಕರ್ನಾಟಕದ ಜಿಲ್ಲೆಗಳ ಮರದ ಜೋಡಣೆ ನಕ್ಷೆ ಮಾಡುತ್ತಿದ್ದೇನೆ. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್ ಲೆಕ್ಕ. ಬೀದರಿನಿಂದ ಚಾಮರಾಜನಗರದ ತುದಿಗೆ 75 ಸೆಂ.ಮೀ. ಬರುತ್ತದೆ. 6 ಮಿ.ಮೀ. ಪ್ಲೈ, ಸಣ್ಣ ಹಲ್ಲಿನ ಬ್ಲೇಡು. ನಕ್ಷೆ ಅಂಟಿಸುವುದು, ಉಪ್ಪುಕಾಗದ ಹೊಡೆಯುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ. ನಗರ ಜಿಲ್ಲೆಯ ನೆತ್ತಿಯ ಮೇಲೆ ಲಾಳದ ಹಾಗೆ ಬಾಗಿರುವ ಬೆಂಗಳೂರು ಗ್ರಾಮಾಂತರ ಕೂಡ ಮೊದಲ ಏಟಿಗೇ ಬಂತು. ಜಿಲ್ಲೆಗಳು 31. ನನ್ನ ತುಂಡುಗಳು 32. ಆ ಒಂದು ಹೆಚ್ಚಿನ ತುಂಡೇ ಮೂರು ವಾರ ತಿಂದಿದ್ದು.

ಅದು ಪಾವಗಡ. ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ತುಮಕೂರಿಗೆ ಅಂಟಿಕೊಂಡಿಲ್ಲ. ಮೂರು ಕಡೆ ಆಂಧ್ರ, ಇನ್ನೊಂದು ಕಡೆ ಚಿತ್ರದುರ್ಗ. ಮಧುಗಿರಿಯಿಂದ ಬಸ್ಸು ಹತ್ತಿದರೆ ನಡುವೆ ಅಂಗಡಿ ಬೋರ್ಡುಗಳು ತೆಲುಗಿಗೆ ತಿರುಗಿ, ಮತ್ತೆ ಕನ್ನಡಕ್ಕೆ ಬರುತ್ತವೆ. ಪಾವಗಡ ಮೈಸೂರು ಸಂಸ್ಥಾನದ್ದು, ನಡುವೆ ಸಿಗುವ ಆಂಧ್ರದ ಮಡಕಶಿರಾ ಬ್ರಿಟಿಷರ ಮದ್ರಾಸಿನದ್ದು. 1953ರಲ್ಲಿ ಆಂಧ್ರವಾಯಿತು, 1956ರಲ್ಲಿ ನಮ್ಮ ರಾಜ್ಯ ಒಂದಾಯಿತು, ಆ ಗೆರೆ ಮಾತ್ರ ಕದಲಲಿಲ್ಲ.

ಹೋದ ವರ್ಷ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ನಕ್ಷೆ ಪಾವಗಡವನ್ನು ತಣ್ಣಗೆ ಚಿತ್ರದುರ್ಗಕ್ಕೆ ಸೇರಿಸಿತ್ತು. (ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ, ಆದರೂ ಆ ನಕ್ಷೆಯಲ್ಲಿ ಬಳ್ಳಾರಿ ಇನ್ನೂ ಇಡಿಯಾಗಿಯೇ ಇತ್ತು.) ನಾನೂ ಹಾಗೇ ಮಾಡಬಹುದಿತ್ತು. ಆದರೆ ಹೆಂಡತಿಯ ತವರು ಪಾವಗಡ. ಮಾವ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಗಡಿ ತಪ್ಪಿದರೆ ಆ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ.

ಪಾವಗಡದ ತುಂಡು ಕತ್ತರಿಸುವುದು ಸಲೀಸು. ಕಷ್ಟ ಇರುವುದು ಚೌಕಟ್ಟಿನಲ್ಲಿ. ಆಂಧ್ರ ಅಂದರೆ ನನಗೆ ಚೌಕಟ್ಟಿನ ಮರ ತಾನೆ? ಆ ಮರದಿಂದ ಮಡಕಶಿರಾ ಸೀಮೆ ಒಂದು ಬೆರಳಿನ ಹಾಗೆ ಪಡುವಣಕ್ಕೆ ಚಾಚಿಕೊಳ್ಳುತ್ತದೆ. ಮೇಲೆ ಪಾವಗಡ, ಕೆಳಗೆ ಶಿರಾ, ಮಧುಗಿರಿ. ಆ ಬೆರಳೇ ಮುರಿಯುತ್ತಿದ್ದದ್ದು.

ಮೊದಲ ಸಲ ತಪ್ಪು ಪ್ಲೈದು. "ಪ್ಯೂರ್ ಗರ್ಜನ್ ಸಾರ್, ಕಣ್ಮುಚ್ಚಿ ತಗೊಳ್ಳಿ" ಅಂದಿದ್ದ ಅಂಗಡಿಯವನು. ಗರ್ಜನ್ ಅಂದರೆ ಪ್ಲೈಗೆ ಬಳಸುವ ಗಟ್ಟಿ ಮರ. ಕಣ್ಣು ಮುಚ್ಚಿಯೇ ತಗೊಂಡೆ. ಕತ್ತರಿಸಿ ನೋಡಿದರೆ ಒಳಪದರದಲ್ಲಿ ಇರುವೆ ಗೂಡು ಕಟ್ಟುವಷ್ಟು ಟೊಳ್ಳು, ಅದೂ ಸರಿಯಾಗಿ ಮಡಕಶಿರಾದ ಬುಡದಲ್ಲಿ. ಎರಡನೇ ಸಲ ಬೇರೆ ಅಂಗಡಿಯ ಒಳ್ಳೆ ಹಾಳೆ, ತಪ್ಪು ನನ್ನದು. ಮೇಲಿನ, ಕೆಳಗಿನ ಪದರದ ಎಳೆಗಳು ಉತ್ತರ-ದಕ್ಷಿಣ, ಬೆರಳು ಪೂರ್ವ-ಪಶ್ಚಿಮ. ಹಿಡಿದುಕೊಂಡಿದ್ದದ್ದು ನಡುವಿನ ಒಂದೇ ಪದರ. ಅರ ಹಾಕುವಾಗ ಕಿತ್ತು ಬಂತು. ಮೂರನೇ ಸಲ ನಕ್ಷೆಯನ್ನೇ ಅಡ್ಡ ತಿರುಗಿಸಿ ಅಂಟಿಸಿದೆ. ಎಳೆ ಸರಿ ಬಂತು. ಆದರೆ ಎರಡೂ ಕಡೆ ಕತ್ತರಿಸಿದ ಮೇಲೆ ಬ್ಲೇಡು ಮೇಲೇಳುವಾಗೆಲ್ಲ ಬೆರಳೂ ಅದರ ಜೊತೆ ಕುಣಿಯತೊಡಗಿತು. ಉಳಿದದ್ದು ಶನಿವಾರದ ಕಥೆ.

1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು ಮಹಾಗನಿ ಹಲಗೆಗೆ ನಕ್ಷೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು ಮಕ್ಕಳ ಪಾಠಕ್ಕೆ ಮಾರುತ್ತಿದ್ದ. ಪುಣ್ಯಾತ್ಮನಿಗೆ ಮಡಕಶಿರಾ ಗಂಟುಬಿದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಬೆರಳನ್ನು ಚೌಕಟ್ಟಿನಲ್ಲೇ ಕೊಯ್ಯಬೇಕು ಅಂತ ಯಾರು ಹೇಳಿದರು? ಚೌಕಟ್ಟಿನಿಂದ ಆ ಭಾಗವನ್ನು ಪೂರ್ತಿ ತೆಗೆದುಹಾಕಿದೆ. ಹಳೇ ಕಿಟಕಿಯ ತೇಗದ ಚೂರೊಂದನ್ನು 6 ಮಿ.ಮೀ.ಗೆ ಸೀಳಿಸಿ, ಎಳೆ ಉದ್ದಕ್ಕೆ ಬರುವಂತೆ ಮಡಕಶಿರಾವನ್ನು ಬೇರೆಯಾಗಿ ಕೊಯ್ದೆ, ಗೆರೆಯಿಂದ ಕೂದಲೆಳೆಯಷ್ಟು ಒಳಗೆ. ಆಮೇಲೆ ತುಮಕೂರು, ಪಾವಗಡ, ಚಿತ್ರದುರ್ಗ ಮೂರನ್ನೂ ತಳಹಲಗೆಯ ಮೇಲೆ ಅವುಗಳ ಜಾಗದಲ್ಲಿ ಕೂರಿಸಿ, ಅಂಚಿಗೆಲ್ಲ ಮೇಣದಬತ್ತಿ ಉಜ್ಜಿ, ನಡುವಿನ ಸಂದಿಗೆ ಫೆವಿಕಾಲ್ ಹಚ್ಚಿದ ಬೆರಳು ಇಳಿಸಿದೆ. ಮೇಲೆ ಗ್ರೈಂಡರಿನ ಗುಂಡುಕಲ್ಲು. ಸಂಜೆ ಮೂರೂ ತುಂಡು ಎತ್ತಿದರೆ ಮೇಣದ ದಯೆಯಿಂದ ಸರಾಗ ಬಂದವು. ಮಡಕಶಿರಾ ಕೂತೇ ಇತ್ತು. ಹಿಂದೂಪುರದ ಕಡೆಯ ಜೋಡಣೆ ಗೆರೆಗೆ ಮರದ ಹೊಟ್ಟು, ಗೋಂದು ಮೆತ್ತಿದ್ದೇನೆ.

ಬಣ್ಣದ ವಿಷಯದಲ್ಲಿ ಅದೃಷ್ಟ. ಅಕ್ಕಪಕ್ಕದವಕ್ಕೆ ಒಂದೇ ಬಣ್ಣ ಬಾರದಂತೆ ಯಾವ ನಕ್ಷೆಗೂ ನಾಲ್ಕೇ ಬಣ್ಣ ಸಾಕು ಅಂತ 1976ರಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸಾಧಿಸಿದರಲ್ಲ, ಆ ಗ್ಯಾರಂಟಿ ಇಡಿಯಾಗಿರುವ ಜಿಲ್ಲೆಗಳಿಗೆ ಮಾತ್ರ. ಎರಡು ಹೋಳಾದದ್ದಕ್ಕೆ ಅನ್ವಯಿಸಲ್ಲ. ಆದರೆ ಪಾವಗಡಕ್ಕೆ ರಾಜ್ಯದೊಳಗಿನ ನೆರೆ ಚಿತ್ರದುರ್ಗ ಒಂದೇ, ಅದು ಹೇಗೂ ತುಮಕೂರಿಗೂ ನೆರೆ. ಬಚಾವ್.

ಇದೇ ಗುಂಗಿನಲ್ಲಿ ಮುಂದಿನ ಭಾರತದ ನಕ್ಷೆಗೆ ಲೆಕ್ಕ ಹಾಕಿದೆ. ಉತ್ತರದಿಂದ ದಕ್ಷಿಣಕ್ಕೆ 3,214 ಕಿ.ಮೀ.; ಸೆಂಟಿಮೀಟರಿಗೆ 40 ಕಿ.ಮೀ. ಹಿಡಿದರೆ 80 ಸೆಂ.ಮೀ. ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಪುದುಚೇರಿ ನೆನಪಾಯಿತು. ನಾಲ್ಕು ಚೂರು, ಮೂರು ರಾಜ್ಯಗಳ ಪಕ್ಕ. ಅದರಲ್ಲಿ ಮಾಹೆ ಬರೀ 9 ಚದರ ಕಿ.ಮೀ., ಅಂದರೆ ನನ್ನ ಹಲಗೆಯ ಮೇಲೆ ಸಾಸಿವೆಗಿಂತ ಚಿಕ್ಕದು. ಅದಕ್ಕೆ ಹಿಡಿ ಎಲ್ಲಿಂದ ತರಲಿ?

ಹಿಡಿ ಅಂದಾಗ ನೆನಪಾಯಿತು. ಈ ನಕ್ಷೆಗೆ ಚನ್ನಪಟ್ಟಣದ ಆಲೆಮರದ, ಅರಗಿನ ಬಣ್ಣದ ಪುಟ್ಟ ಹಿಡಿಗಳು. ಮೂರು ಬೆರಳಲ್ಲಿ ಹಿಡಿದರೆ ಪೆನ್ಸಿಲ್ ಹಿಡಿತಕ್ಕೂ ರೂಢಿ. ತುಮಕೂರು, ಪಾವಗಡ ಒಂದೇ ಜಿಲ್ಲೆ ಅಂತ ಮಗುವಿಗೆ ತಿಳಿಯಲಿ ಎಂದು ಆ ಎರಡಕ್ಕೆ ಮಾತ್ರ ಕೆಂಪು, ಉಳಿದವಕ್ಕೆಲ್ಲ ಹಳದಿ ಹೇಳಿದ್ದೆ. ಮಧ್ಯವರ್ತಿ ಕಳಿಸಿದ ಎರಡು ಕೆಂಪಿನಲ್ಲಿ ಒಂದು ಕುಂಕುಮ, ಇನ್ನೊಂದು ಕ್ಯಾರೆಟ್. ಫೋನ್ ಮಾಡಿದರೆ "ನ್ಯಾಚುರಲ್ ಕಲರ್ ಸಾರ್, ಹಂಗೇ ಇರತ್ತೆ" ಅಂತ. ನಾನೇ ಒಂದಿನ ಹೋಗಿ ಹಿಡಿ ಕಡೆಯುವವರ ಎದುರೇ ನಿಂತು ಮಾಡಿಸಿಕೊಂಡು ಬರುತ್ತೇನೆ. ಹೋದರೆ ರಾಮನಗರದ ತುಂಡಿಗೂ ಒಂದು ಗತಿ ಕಾಣಿಸಬೇಕು. ಹೆಸರು ಸುಟ್ಟು ಬರೆದು ಮುಗಿಸಿದ ಮೇಲೆ ಗೊತ್ತಾಯಿತು, 2025ರಲ್ಲಿ ಅದು ಬೆಂಗಳೂರು ದಕ್ಷಿಣ ಆಗಿದೆ ಅಂತ.

ನಿನ್ನೆ ಹಿಡಿ ಇಲ್ಲದೆಯೇ ಮಗಳ ಕೈಗೆ ಕೊಟ್ಟೆ. ಪಾವಗಡ ಇಟ್ಟಳು. ತುಮಕೂರು ಇಟ್ಟಳು. ಆಮೇಲೆ ಕಬ್ಬಿಣದ ಆಟದ ಬಸ್ಸು ತಂದು, ಮಧುಗಿರಿಯಿಂದ ಅಜ್ಜಿ ಮನೆಗೆ ಹೊರಡಿಸಿ, ಮಡಕಶಿರಾದ ಮೇಲೆ ಬಲವಾಗಿ ಒತ್ತಿ ನಿಲ್ಲಿಸಿದಳು. "ಇಲ್ಲಿ ಟೀಗೆ ಹತ್ತು ನಿಮಿಷ ಅಪ್ಪಾ."

ಮುರಿಯಲಿಲ್ಲ.